ಓದುಗರ ಪ್ರಶ್ನೆ: ಅಟ್ಟದಿಂದ ಇಳಿದ ಗ್ಯಾಸ್‌ಲೈಟು, ಕಂದೀಲು, ಚಿಮಣಿ ದೀಪ

ಹಳೆಯ ಸೀಮೆಎಣ್ಣೆ ದೀಪಗಳ ಬಗ್ಗೆ ಬಂದ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ. ಪಂಪ್ ಇರುವ ಗ್ಯಾಸ್‌ಲೈಟಿಗೂ ಬತ್ತಿ ದೀಪಕ್ಕೂ ಒಂದೇ ಉಪಚಾರ ಸಲ್ಲದು. ನಿಮ್ಮದು ಯಾವುದೆಂದು ನೋಡಿಕೊಂಡು ಓದಿ.

ಹಳೆ ಮನೆ ಬಿಚ್ಚುವಾಗ ಕೊಟ್ಟಿಗೆಯ ಅಟ್ಟದಲ್ಲಿ ಪಂಪ್ ಇರುವ ಹಿತ್ತಾಳೆ ದೀಪವೊಂದು ಸಿಕ್ಕಿತು. ಮೈಯೆಲ್ಲ ಹಸಿರು ಕಿಲುಬು. ‘ಪೆಟ್ರೋಮ್ಯಾಕ್ಸ್’, ‘829’, ‘500 ಸಿಪಿ’, ‘ಮೇಡ್ ಇನ್ ಜರ್ಮನಿ’ ಎಂದು ಅಚ್ಚಾಗಿದೆ. ಎಷ್ಟು ಹಳತಿರಬಹುದು? ಹುಣಸೆಹಣ್ಣು ಹಾಕಿ ತಿಕ್ಕಿ, ಎಣ್ಣೆ ತುಂಬಿ ಹಚ್ಚಬಹುದೇ?
— ಓದುಗರು, ಸಿದ್ದಾಪುರ (ಉತ್ತರ ಕನ್ನಡ)

ಸದ್ಯಕ್ಕೆ ತಿಕ್ಕುವುದೂ ಬೇಡ, ಹಚ್ಚುವುದಂತೂ ಬೇಡವೇ ಬೇಡ.

ಮೊದಲು ವಯಸ್ಸಿನ ಮಾತು. ಪೆಟ್ರೋಮ್ಯಾಕ್ಸ್ ಬರ್ಲಿನ್ನಿನ ಎಹ್ರಿಕ್ ಮತ್ತು ಗ್ರೇಟ್ಸ್ ಕಂಪನಿಯ ದೀಪ. ‘ಮೇಡ್ ಇನ್ ಜರ್ಮನಿ’ ಎಂಬ ಗುರುತು 1887ರ ಬ್ರಿಟಿಷ್ ಕಾಯಿದೆಯಿಂದ ಬಂದದ್ದು. ಬ್ರಿಟನ್ನಿಗೆ ಬರುವ ಪರದೇಶದ ಸರಕಿನ ಮೇಲೆ ಮೂಲ ದೇಶದ ಹೆಸರಿರಬೇಕು ಎಂದಿತ್ತು. 1949ರಲ್ಲಿ ಜರ್ಮನಿ ಎರಡಾದ ಮೇಲೆ ‘ವೆಸ್ಟರ್ನ್ ಜರ್ಮನಿ’ ಅಥವಾ ‘ವೆಸ್ಟ್ ಜರ್ಮನಿ’ ಎಂಬ ಅಚ್ಚು ಕಾಣಿಸುತ್ತದೆ. ಬರೀ ‘ಜರ್ಮನಿ’ ಇದ್ದರೆ ಯುದ್ಧಕ್ಕೆ ಮುಂಚಿನದು ಇರಬಹುದು. ಆದರೆ 829 ಮಾದರಿ ದಶಕಗಳ ಕಾಲ ತಯಾರಾಗಿದೆ, ಅದರ ನಕಲೂ ಹಲವು ದೇಶಗಳಲ್ಲಿ, ನಮ್ಮಲ್ಲೂ ಧಾರಾಳವಾಗಿ ಆಗಿದೆ. ಹಾಗಾಗಿ ಸಂಖ್ಯೆಯೊಂದನ್ನೇ ನಂಬಬೇಡಿ. ಟ್ಯಾಂಕು, ಮೇಲಿನ ಟೊಪ್ಪಿ, ತಿರುಗುವ ಚಕ್ರ ಮೂರರ ಮೇಲೂ ಒಂದೇ ಕಂಪನಿಯ ಗುರುತಿದೆಯೇ ನೋಡಿ. ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಓಡಾಡಿದ ದೀಪಗಳಲ್ಲಿ ಒಂದರ ಟೊಪ್ಪಿ ಇನ್ನೊಂದಕ್ಕೆ ಕೂತಿರುವುದು ಸಾಮಾನ್ಯ.

ಈಗ ನಿಜವಾದ ಚಿಂತೆ. ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ‘ಜರ್ಮನಿ’ ಅಲ್ಲ, ‘ಕೊಟ್ಟಿಗೆ’. ಗಂಜಲದಿಂದ ಅಮೋನಿಯಾ ಏಳುತ್ತದೆ. ಒತ್ತಿ ರೂಪ ಕೊಟ್ಟ ಹಿತ್ತಾಳೆಯ ತಗಡಿನೊಳಗೆ ಬಿಗಿತ ಉಳಿದಿರುತ್ತದೆ. ತೇವ, ಅಮೋನಿಯಾ, ಬಿಗಿತ ಮೂರೂ ಕೂಡಿದರೆ ಹಿತ್ತಾಳೆ ಕೂದಲೆಳೆಯಂತೆ ಸೀಳುತ್ತದೆ. ಬ್ರಿಟಿಷರ ಸೈನ್ಯ ಈ ಪಾಠ ಕಲಿತದ್ದು ಭಾರತದಲ್ಲೇ. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಹಿತ್ತಾಳೆಯ ತೋಟಾಗಳು ತಾವಾಗಿ ಬಿರುಕು ಬಿಡುತ್ತಿದ್ದವು. ನಿಮ್ಮ ದೀಪ ಎಷ್ಟು ಮಳೆಗಾಲ ದನಗಳ ನೆತ್ತಿಯ ಮೇಲೆ ಕಳೆದಿದೆಯೋ! ಉರಿಯುವಾಗ ಇದರ ಟ್ಯಾಂಕಿನೊಳಗೆ ಸುಮಾರು 2 ಬಾರ್ ಒತ್ತಡ ಇರುತ್ತದೆ, ಹೆಚ್ಚುಕಡಿಮೆ ಕಾರಿನ ಟಯರಿನಷ್ಟು. ಬಿರುಕು ಬಿಟ್ಟ ಟ್ಯಾಂಕಿನಿಂದ ಆ ಒತ್ತಡದಲ್ಲಿ ಚಿಮ್ಮುವ ಎಣ್ಣೆ, ಒಂದು ಗೇಣು ಮೇಲೆ ಉರಿ.

ಬಿರುಕು ಕಣ್ಣಿಗೆ ಕಾಣುವುದಿಲ್ಲ. ಪತ್ತೆಗೆ ಸೀಮೆಸುಣ್ಣ ಸಾಕು. ಟ್ಯಾಂಕಿನ ಹೊರಮೈಯನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಹೊರಗೆಲ್ಲ ತೆಳ್ಳಗೆ ಬಳಿದು ಪೂರ್ತಿ ಒಣಗಲು ಬಿಡಿ. ಆಮೇಲೆ ಒಳಗೆ ಸೀಮೆಎಣ್ಣೆ ತುಂಬಿ, ಒತ್ತಡ ಕೊಡದೆ, ಹಳೆಯ ಕಾಗದದ ಮೇಲೆ ರಾತ್ರಿಯಿಡೀ ಇಡಿ. ಬಿರುಕಿದ್ದರೆ ಬಿಳಿಯ ಮೇಲೆ ಗೆರೆ ಎಳೆದಂತೆ ಎಣ್ಣೆಯ ಕಲೆ ಮೂಡುತ್ತದೆ. ಬುಡದ ಅಂಚು, ಎಣ್ಣೆ ತುಂಬುವ ಬಾಯಿಯ ಸುತ್ತ, ಪಂಪಿನ ಕೊಳವೆ ಟ್ಯಾಂಕಿಗೆ ಕೂಡುವ ಜಾಗ, ಈ ಮೂರು ಕಡೆ ಬೂದುಗಾಜು ಹಿಡಿದು ನೋಡಿ. ಗೆರೆಯ ಬದಲು ಎಲ್ಲೋ ಒಂದು ಚುಕ್ಕೆ ಮೂಡಿದರೂ ಅದು ಸೋರಿಕೆಯೇ.

ಕಲೆ ಬಾರದಿದ್ದರೆ ಎರಡನೆಯ ಪರೀಕ್ಷೆ. ಎಣ್ಣೆ ತೆಗೆದು ಟ್ಯಾಂಕಿನ ಕಂಠದವರೆಗೆ ನೀರು ತುಂಬಿ, ಚಕ್ರದ ಬಾಣದ ಗುರುತು ಮೇಲಕ್ಕಿರಲಿ (ಆಗ ಬುಡದ ವಾಲ್ವ್ ಮುಚ್ಚಿರುತ್ತದೆ). ಮುಚ್ಚಳ ಬಿಗಿದು, ಗೇಜಿನ ಮುಳ್ಳು ಕೆಂಪು ಗೆರೆಗೆ ಬರುವವರೆಗೆ ಪಂಪ್ ಮಾಡಿ ಅರ್ಧ ಗಂಟೆ ಬಿಡಿ. ಬರೀ ಗಾಳಿ ತುಂಬಿ ಈ ಪರೀಕ್ಷೆ ಮಾಡಬೇಡಿ. ಅದುಮಿದ ಗಾಳಿ ಸಿಡಿಯುತ್ತದೆ, ನೀರಾದರೆ ಟ್ಯಾಂಕು ಸೀಳಿದರೂ ಬರೀ ಒಸರುತ್ತದೆ. ಪಂಪ್ ಮಾಡುವ ಮುನ್ನ ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ. ಸಿಕ್ಕಿಕೊಂಡ ಗೇಜನ್ನು ನಂಬಿ ಒತ್ತಡ ಏರಿಸುತ್ತ ಹೋಗುವುದು ಅಪಾಯ.

ಬಿರುಕು ಸಿಕ್ಕಿದರೆ ಬೆಸುಗೆ ಹಾಕಿಸಲು ಹೋಗಬೇಡಿ. ಒಂದು ಕಡೆ ಸೀಳಿದ ತಗಡು ಪಕ್ಕದಲ್ಲೂ ಸೀಳಲು ಕಾಯುತ್ತಿರುತ್ತದೆ. ಬೇರೆ ಟ್ಯಾಂಕು ಹೊಂದಿಸಿ, ಇಲ್ಲವೇ ಹಚ್ಚದೆ ಜಗಲಿಯಲ್ಲಿ ಇಡಿ.

ನಮ್ಮದು ಹವ್ಯಾಸಿ ಯಕ್ಷಗಾನ ಸಂಘ. ಹಿಂದಿನಂತೆ ಗ್ಯಾಸ್‌ಲೈಟಿನ ಬೆಳಕಿನಲ್ಲೇ ಒಂದು ಆಟ ಆಡಿಸಬೇಕೆಂದಿದ್ದೇವೆ. ನಾಲ್ಕು ದೀಪ ಸಿಕ್ಕಿವೆ, ಟ್ಯಾಂಕುಗಳು ಸೋರುವುದಿಲ್ಲ. ಒಂದಕ್ಕೆ ಪಂಪ್ ಹೊಡೆದರೂ ಗಾಳಿ ಏರುವುದಿಲ್ಲ. ಇನ್ನೊಂದರ ಪಂಪಿನ ಹಿಡಿ ತಾನಾಗಿ ಮೇಲೇಳುತ್ತದೆ. ಮೂರನೆಯದು ಬುಸ್ ಬುಸ್ ಎಂದು ಬೆಳಕು ಏರಿಳಿಯುತ್ತದೆ. ನಾಲ್ಕನೆಯದರಲ್ಲಿ ಹಳದಿ ಬೆಂಕಿ ಭಗ್ಗನೆ ಎದ್ದು ಎಲ್ಲರೂ ಹೆದರಿದೆವು.
— ಓದುಗರು, ಕುಂದಾಪುರ

ನಾಲ್ಕು ದೀಪಕ್ಕೆ ನಾಲ್ಕು ರೋಗ. ಒಂದೊಂದಾಗಿ ನೋಡೋಣ.

ಗಾಳಿ ಏರದಿದ್ದರೆ ಪಂಪಿನ ಚರ್ಮದ ವಾಷರ್ ಒಣಗಿದೆ. ಪಂಪಿನ ಮುಚ್ಚಳ ತಿರುಗಿಸಿ ಕಡ್ಡಿಯನ್ನು ಹೊರಗೆಳೆಯಿರಿ. ತುದಿಯಲ್ಲಿ ಬಟ್ಟಲಿನಾಕಾರದ ಚರ್ಮ ಇರುತ್ತದೆ. ಹರಿದಿರದಿದ್ದರೆ ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಅಂಚನ್ನು ಬೆರಳಿನಿಂದ ಹೊರಕ್ಕೆ ಅರಳಿಸಿ, ಸುತ್ತ ತಿರುವುತ್ತ ಒಳಗೆ ಕೂರಿಸಿ. ನೇರ ತುರುಕಿದರೆ ಅಂಚು ಮಡಚಿಕೊಂಡು ಮತ್ತೆ ಅದೇ ಕಥೆ.

ಹಿಡಿ ತಾನಾಗಿ ಏಳುವುದಕ್ಕೆ ಕಾರಣ ಪಂಪಿನ ಕೊಳವೆಯ ತಳದಲ್ಲಿರುವ ಚಿಕ್ಕ ವಾಲ್ವ್. ಟ್ಯಾಂಕಿನ ಒತ್ತಡವನ್ನು ಅದು ತಡೆಹಿಡಿಯಬೇಕು. ಒಳಗಿನ ರಬ್ಬರ್ ಅಥವಾ ಕಾರ್ಕಿನ ಗುಂಡಿ ಗಟ್ಟಿಯಾಗಿ ತಗ್ಗು ಬಿದ್ದಿರುತ್ತದೆ. ಉದ್ದನೆಯ ಸ್ಕ್ರೂಡ್ರೈವರ್ ಇಳಿಸಿ ವಾಲ್ವ್ ಬಿಚ್ಚಿ, ಗುಂಡಿ ಬದಲಿಸಿ, ಕೆಳಗಿನ ಸೀಸದ ವಾಷರನ್ನೂ ಹೊಸದಾಗಿ ಹಾಕಿ. ಇದನ್ನು ಸರಿಪಡಿಸದೆ ಹಚ್ಚಬೇಡಿ. ಪಂಪಿನೊಳಕ್ಕೆ ಎಣ್ಣೆ ಏರಿ ಹಿಡಿಯ ಸುತ್ತಲಿಂದ ಹೊರಗೆ ಬರುತ್ತದೆ.

ಬೆಳಕು ಏರಿಳಿಯುವುದಕ್ಕೆ ಬಹುತೇಕ ನಿಪ್ಪಲ್ಲಿನಲ್ಲಿ (ಎಣ್ಣೆಯ ಆವಿ ಹೊರಡುವ ಸಣ್ಣ ರಂಧ್ರದ ತುದಿ) ಕಟ್ಟಿದ ಮಸಿ ಕಾರಣ. ಉರಿಯುತ್ತಿರುವಾಗಲೇ ಚಕ್ರವನ್ನು ಒಂದು ಸುತ್ತು ಬೇಗನೆ ತಿರುಗಿಸಿದರೆ ಒಳಗಿನ ಪಿನ್ನು ರಂಧ್ರವನ್ನು ಚುಚ್ಚಿ ಶುದ್ಧ ಮಾಡುತ್ತದೆ. ಅದರಿಂದ ನಿಲ್ಲದಿದ್ದರೆ ದೀಪ ಆರಿಸಿ, ತಣಿದ ಮೇಲೆ ನಿಪ್ಪಲ್ ಮತ್ತು ಪಿನ್ನು ಎರಡನ್ನೂ ಬದಲಿಸಿ. ಹಳೆಯ ನಿಪ್ಪಲ್ಲಿಗೆ ಹೊಲಿಗೆ ಸೂಜಿ ಚುಚ್ಚುವುದು ನಮ್ಮ ಕಡೆಯ ಕೆಟ್ಟ ಅಭ್ಯಾಸ. ರಂಧ್ರ ದೊಡ್ಡದಾದರೆ ಎಣ್ಣೆ ಹೆಚ್ಚಾಗಿ ಮ್ಯಾಂಟಲ್ (ಉರಿಯಲ್ಲಿ ಕಾದು ಬೆಳಗುವ ಜಾಲರಿ ಚೀಲ) ಕಪ್ಪಾಗುತ್ತದೆ, ಆಮೇಲೆ ಯಾವ ರಿಪೇರಿಗೂ ಬಗ್ಗುವುದಿಲ್ಲ. ನಿಪ್ಪಲ್ ಹೊಸದಾಗಿದ್ದೂ ಮಸಿ ಕಟ್ಟಿದರೆ, ನಿಪ್ಪಲ್ಲಿನ ತುದಿಗೂ ಮೇಲಿನ ಗಾಳಿ ಬೆರೆಯುವ ಕೊಳವೆಗೂ ನಡುವಿನ ಅಂತರ ಅಳೆಯಿರಿ. 500 ಸಿಪಿ (ಕ್ಯಾಂಡಲ್ ಪವರ್, ಬೆಳಕಿನ ಅಳತೆ) ದೀಪಕ್ಕೆ ಅದು ಸುಮಾರು 14 ಮಿ.ಮೀ. ಇರಬೇಕು. ಕಂಪನಿಯ ಸ್ಪ್ಯಾನರ್ ಉಳಿದಿದ್ದರೆ ಅಂತರ ಅಳೆಯುವ ತುದಿ ಅದರಲ್ಲೇ ಇರುತ್ತದೆ.

ಭಗ್ಗನೆ ಎದ್ದ ಬೆಂಕಿ ದೀಪದ ತಪ್ಪಲ್ಲ, ಹಚ್ಚಿದವರ ಆತುರ. ಈ ದೀಪದಲ್ಲಿ ಉರಿಯುವುದು ಎಣ್ಣೆಯ ಆವಿ. ಮೇಲಿನ ಕೊಳವೆ ಕಾಯುವ ಮೊದಲೇ ವಾಲ್ವ್ ತೆರೆದರೆ ಹಸಿ ಎಣ್ಣೆಯೇ ಚಿಮ್ಮಿ ಹೊತ್ತಿಕೊಳ್ಳುತ್ತದೆ. ಹಾಗಾದಾಗ ಬಾಣವನ್ನು ಮೇಲಕ್ಕೆ ತಿರುಗಿಸಿ, ಗೇಜಿನ ಪಕ್ಕದ ಗಾಳಿ ತಿರುಪು ಸಡಿಲಿಸಿ, ಉಳಿದ ಎಣ್ಣೆ ಉರಿದು ಹೋಗಲು ಬಿಡಿ. ನೀರು ಸುರಿಯಬಾರದು, ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ಮರಳು, ಒಂದು ಒದ್ದೆ ಗೋಣಿ ಇರಲೇಬೇಕು.

ಹಚ್ಚುವ ಕ್ರಮ ಹೀಗೆ. ಟ್ಯಾಂಕಿಗೆ ಒಂದು ಲೀಟರಿಗಿಂತ ಹೆಚ್ಚು ಎಣ್ಣೆ ಬೇಡ, ಮೇಲೆ ಗಾಳಿಗೆ ಜಾಗ ಬೇಕು. ಗಾಳಿ ತಿರುಪು ತೆರೆದೇ ಇರಲಿ, ಬಾಣ ಮೇಲಕ್ಕಿರಲಿ. ಮೇಲಿನ ಕೊಳವೆಯ ಬುಡದಲ್ಲಿರುವ ಬಟ್ಟಲಿಗೆ ಸ್ಪಿರಿಟ್ ತುಂಬಿ ಹಚ್ಚಿ. ಮಳೆಗಾಲದ ಚಳಿಯಲ್ಲಿ ಒಂದು ಬಟ್ಟಲು ಸಾಲದು, ಮೊದಲನೆಯದು ಪೂರ್ತಿ ಆರಿದ ಮೇಲೆ ಇನ್ನೊಂದು ಬಟ್ಟಲು ಉರಿಸಿ (ಉರಿಯ ಮೇಲೆ ಬಾಟಲಿಯಿಂದ ಸ್ಪಿರಿಟ್ ಸುರಿದರೆ ಬೆಂಕಿ ಬಾಟಲಿಗೇ ಏರುತ್ತದೆ). ಸ್ಪಿರಿಟ್ ಇನ್ನೇನು ಮುಗಿಯಬೇಕು ಎನ್ನುವಾಗ ಗಾಳಿ ತಿರುಪು ಬಿಗಿದು, ನಾಲ್ಕಾರು ಪಂಪ್ ಹೊಡೆದು, ಬಾಣವನ್ನು ನಿಧಾನಕ್ಕೆ ಕೆಳಕ್ಕೆ ತಿರುಗಿಸಿ. ಮ್ಯಾಂಟಲ್ ಹೊತ್ತಿಕೊಂಡ ಮೇಲೆ ಕೆಂಪು ಗೆರೆಯವರೆಗೆ ಪಂಪ್ ಮಾಡಿ. ತುಂಬಿದ ಟ್ಯಾಂಕು ಸುಮಾರು ಎಂಟು ಗಂಟೆ ಉರಿಯುತ್ತದೆ, ನಡುನಡುವೆ ಗಾಳಿ ತುಂಬಬೇಕು. ಬೆಳಗಿನವರೆಗೆ ಆಟವಿದ್ದರೆ ನಡುವೆ ಬಿಸಿ ದೀಪಕ್ಕೆ ಎಣ್ಣೆ ಹೊಯ್ಯುವ ಪ್ರಸಂಗ ಬರದಂತೆ ಐದನೆಯ ದೀಪವೊಂದನ್ನು ಹೊಂದಿಸಿಕೊಳ್ಳಿ. ಆರಿಸಲು ಗಾಳಿ ತಿರುಪು ತೆರೆದರೆ ಸಾಕು. ಚೌಕಿಯೊಳಗೆ (ವೇಷ ಕಟ್ಟುವ ಕೋಣೆ) ಇಡುವುದಾದರೆ ಗಾಳಿ ಆಡುವಂತಿರಲಿ, ಬಣ್ಣದ ಎಣ್ಣೆ, ಬಟ್ಟೆಗಳಿಂದ ದೂರ ಇರಲಿ.

ಮ್ಯಾಂಟಲ್ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಮ್ಯಾಂಟಲುಗಳ ಬೆಳಕು ಥೋರಿಯಂನಿಂದ ಬರುತ್ತಿತ್ತು. ಆಸ್ಟ್ರಿಯದ ಔವರ್ ಫಾನ್ ವೆಲ್ಸ್‌ಬಾಖ್ 1891ರಲ್ಲಿ ಹೊಂದಿಸಿದ ಮಿಶ್ರಣದಲ್ಲಿ ನೂರಕ್ಕೆ 99 ಭಾಗ ಥೋರಿಯಂ ಆಕ್ಸೈಡೇ. ತಿರುವಾಂಕೂರಿನ ಕಡಲ ಮರಳನ್ನು ಜರ್ಮನ್ನರು ಹುಡುಕಿ ಬಂದದ್ದೂ ಇದಕ್ಕಾಗಿಯೇ. ಥೋರಿಯಂ ವಿಕಿರಣ ಸೂಸುತ್ತದೆ. ದೂರದಿಂದ ಭಯವಿಲ್ಲ, ಉರಿದ ಮ್ಯಾಂಟಲಿನ ಪುಡಿ ಉಸಿರಿಗೆ ಹೋಗಬಾರದು. ಒಡೆದದ್ದನ್ನು ಊದಿ ತೆಗೆಯದೆ ಒದ್ದೆ ಕಾಗದದಲ್ಲಿ ಒರೆಸಿ ಕಟ್ಟಿ ಎಸೆಯಿರಿ, ಕೈ ತೊಳೆಯಿರಿ. ಹೊಸ ಮ್ಯಾಂಟಲನ್ನು ಮೊದಲ ಸಲ ಸುಡುವಾಗ ಹೊರಗೆ ಸುಡಿ. ಉರಿಯುತ್ತಿರುವ ಮ್ಯಾಂಟಲಿಗೆ ತೂತು ಬಿದ್ದರೆ ಕೂಡಲೇ ಆರಿಸಿ. ಆ ತೂತಿನಿಂದ ಹೊರಡುವ ಉರಿ ನೇರ ಗಾಜಿಗೆ ಬಡಿದು ಒಡೆಯುತ್ತದೆ.

ಅಜ್ಜನ ಕಾಲದ ಕಂದೀಲು ಇದೆ. ಮೇಲೆ ‘ಪ್ರಭಾಕರ’ ಅಂತ ಅಚ್ಚಾಗಿದೆ. ಹೊಸ ಬತ್ತಿ ಹಾಕಿದೆವು, ಆದರೂ ಹತ್ತು ನಿಮಿಷಕ್ಕೆ ಗಾಜೆಲ್ಲ ಮಸಿ. ಬುಡದಲ್ಲಿ ತುಕ್ಕೂ ಹಿಡಿದೈತ್ರಿ.
— ಓದುಗರು, ಅಥಣಿ

ನಿಮ್ಮ ನೆರೆಯ ರಾಜ್ಯದ್ದೇ ದೀಪ. ಪ್ರಭಾಕರ ಕಂದೀಲು ಮಹಾರಾಷ್ಟ್ರದ ಕರಾಡದ ಹತ್ತಿರದ ಓಗಲೇವಾಡಿಯಲ್ಲಿ, 1916ರಲ್ಲಿ ಶುರುವಾದ ಓಗಲೆ ಗ್ಲಾಸ್ ವರ್ಕ್ಸ್‌ನಲ್ಲಿ ತಯಾರಾದದ್ದು. ಪರದೇಶದ ಕಂದೀಲುಗಳ ಎದುರು ಸ್ವದೇಶಿ ಮಾಲೆಂದು ಹೆಸರು ಮಾಡಿದ ಸರಕು. ಅಚ್ಚಿನ ಅಕ್ಷರ ಅಳಿಯುವಂತೆ ಉಜ್ಜಬೇಡಿ.

ಗಾಜಿನ ಒಂದೇ ಬದಿಗೆ ಮಸಿ ಹಿಡಿದರೆ ಬತ್ತಿ ಓರೆಯಾಗಿ ಕತ್ತರಿಸಿದೆ, ಇಲ್ಲವೇ ಗಾಜು ವಾಲಿದೆ. ಸುತ್ತಲೂ ಹಿಡಿದರೆ ಗಾಳಿ ಸಾಲುತ್ತಿಲ್ಲ. ಕಂದೀಲಿನ ಎರಡು ಪಕ್ಕದ ಕೊಳವೆಗಳು ಬರೀ ಹಿಡಿಕೆಯಲ್ಲ, ಉರಿಗೆ ಗಾಳಿ ಒಯ್ಯುವ ದಾರಿ. ವರ್ಷಗಟ್ಟಲೆ ತೂಗುಹಾಕಿದ ಕಂದೀಲಿನ ಕೊಳವೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಸೈಕಲ್ಲಿನ ಬ್ರೇಕ್ ತಂತಿಯೊಂದನ್ನು ಮೇಲಿನಿಂದ ತೂರಿಸಿ ಆಡಿಸಿ, ಮಣ್ಣು ಉದುರುತ್ತದೆ. ಬರ್ನರಿನ ಸುತ್ತಲಿನ ಚಿಕ್ಕ ತೂತುಗಳನ್ನು ಸೋಪು ನೀರಿನಲ್ಲಿ ಕುದಿಸಿ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿ.

ಬತ್ತಿಯನ್ನು ಒಣಗಿರುವಾಗಲೇ ಹಚ್ಚಿದಿರೋ ಏನೋ. ಎಣ್ಣೆ ತುಂಬಿ ಕನಿಷ್ಠ ಹದಿನೈದು ನಿಮಿಷ ನೆನೆಯಲು ಬಿಡಬೇಕು, ಇಲ್ಲವಾದರೆ ಎಣ್ಣೆಯ ಬದಲು ಬತ್ತಿಯೇ ಸುಡುತ್ತದೆ. ತುದಿ ನೇರ ಕತ್ತರಿಸಿ, ಎರಡು ಮೂಲೆಗಳನ್ನು ಒಂದೊಂದು ಎಳೆಯಷ್ಟು ಚಿವುಟಿ. ಹಚ್ಚಿದ ಕೂಡಲೇ ಬತ್ತಿ ಏರಿಸದೆ ಐದು ನಿಮಿಷ ಸಣ್ಣಗಿಡಿ. ದೀಪ ಕಾದ ಮೇಲೆ ಗಾಳಿಯ ಓಟ ಕೂಡಿಕೊಳ್ಳುತ್ತದೆ.

ಇದು ಯಾವ ಜಾತಿಯ ಕಂದೀಲೆಂದು ತಿಳಿಯುವ ಕುತೂಹಲವಿದ್ದರೆ ನೆತ್ತಿ ನೋಡಿ. ಕೊಳವೆಗಳು ಗಾಜಿನ ಮೇಲಿನ ಗಂಟೆಯಂಥ ಭಾಗಕ್ಕೇ ಕೂಡಿದ್ದರೆ ಸುಟ್ಟ ಬಿಸಿಗಾಳಿಯ ಒಂದು ಪಾಲು ಮತ್ತೆ ಬತ್ತಿಗೆ ಮರಳುತ್ತದೆ. ಕೊಳವೆಗಳು ನಡುವಿನ ಹೊಗೆಗೂಡಿನ ಸುತ್ತಲಿನ ಬೇರೆ ಕೋಣೆಗೆ ಕೂಡಿದ್ದರೆ ಹೊರಗಿನ ತಣ್ಣನೆಯ ಗಾಳಿಯಷ್ಟೇ ಇಳಿಯುತ್ತದೆ, ಉರಿ ಹೆಚ್ಚು ಬೆಳ್ಳಗಿರುತ್ತದೆ. ಎರಡೂ ಅಮೆರಿಕದ ಜಾನ್ ಅರ್ವಿನ್ನನ ಕಲ್ಪನೆ, ಮೊದಲನೆಯದು 1860ರ ದಶಕದ ಕೊನೆಯದು, ಎರಡನೆಯದು 1870ರ ದಶಕದ್ದು.

ತುಕ್ಕಿಗೆ: ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ (ಕಿರಾಣಿ ಅಂಗಡಿಯ ನಿಂಬೆ ಉಪ್ಪು) ಕರಗಿಸಿ ಬುಡದಲ್ಲಿ ತುಂಬಿ ಎರಡು ಗಂಟೆ ಬಿಡಿ. ಚೆಲ್ಲಿದ ಮೇಲೆ ಒಂದು ಚಮಚ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಜಾಲಿಸಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ತಡಮಾಡದೆ ಸ್ವಲ್ಪ ಸೀಮೆಎಣ್ಣೆ ಹಾಕಿ ಆಡಿಸಿ. ಹಾಗೇ ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ. ತಗಡಿನ ಹೊರಮೈಯಲ್ಲಿ ತವರದ ಬಿಳುಪು ಉಳಿದಿದ್ದರೆ ಅಲ್ಲಿಗೆ ಈ ನೀರು ಸೋಕಿಸಬೇಡಿ, ಲೇಪ ಹೋಗುತ್ತದೆ. ಸೂಜಿಮೊನೆ ತೂತಿದ್ದರೆ ಬೆಸುಗೆ ಹಾಕಿಸಬಹುದು, ಇದಕ್ಕೆ ಒತ್ತಡವಿಲ್ಲ. ಆದರೆ ಬೆಸುಗೆಯವನ ಕೈಗೆ ಕೊಡುವ ಮುನ್ನ ಬಿಸಿ ಸೋಪು ನೀರಿನಲ್ಲಿ ಹಲವು ಸಲ ತೊಳೆದು, ತೂತಿನ ಸ್ವಲ್ಪ ಕೆಳಗಿನವರೆಗೆ ನೀರು ತುಂಬಿ, ಬಾಯಿ ತೆರೆದೇ ಕೊಡಿ. ಖಾಲಿಯಾಗಿ ಕಾಣುವ ಬುಡದಲ್ಲಿ ಉಳಿದ ಎಣ್ಣೆಯ ಆವಿಯೇ ಸಿಡಿಯುವುದು.

ಗಾಜಿನ ಚಿಮಣಿ ಇಡುವ ಮೇಜಿನ ದೀಪ. ಚಿಮಣಿ ಒಡೆದಿದೆ. ಹೊಸದು ತರಲು ಏನು ಅಳತೆ ಕೊಡಬೇಕು? ಹೊಸ ಚಿಮಣಿಯನ್ನು ಉಪ್ಪುನೀರಿನಲ್ಲಿ ಕುದಿಸಿದರೆ ಒಡೆಯುವುದಿಲ್ಲ ಎನ್ನುತ್ತಾರೆ, ನಿಜವೇ?
— ಓದುಗರು, ಮೈಸೂರು

ಬತ್ತಿ ತಿರುಗಿಸುವ ಬಿರಡೆಯ ಮೇಲೆ ಏನು ಬರೆದಿದೆ ನೋಡಿ. ತಯಾರಕರು ಹೆಸರು ಹಾಕುತ್ತಿದ್ದದ್ದು ಅಲ್ಲೇ. ‘ಕಾಸ್ಮೋಸ್’ ಎಂದಿದ್ದು ಪಕ್ಕದಲ್ಲಿ 6, 8, 10, 14ರಂಥ ಸಂಖ್ಯೆ ಇದ್ದರೆ ಅದು ಬರ್ನರಿನ ಗಾತ್ರ. ಅದರಲ್ಲಿ ಅಗಲವಾದ ಚಪ್ಪಟೆ ಬತ್ತಿ ಕೆಳಗಿನಿಂದ ಮಡಚಿಕೊಂಡು ಮೇಲೆ ದುಂಡಗೆ ಬರುತ್ತದೆ. ಇದಕ್ಕೆ ಬೇಕಾದದ್ದು ಸೊಂಟವಿರುವ ಚಿಮಣಿ. ಕಿರಿದಾದ ಆ ಭಾಗ ಬರ್ನರಿನ ತುದಿಗಿಂತ ತುಸು ಮೇಲಿರಬೇಕು. ನೇರ ಕೊಳವೆಯ ಚಿಮಣಿ ತಂದರೆ ಉರಿ ಎತ್ತರಕ್ಕೆದ್ದು ಹೊಗೆಯಾಡುತ್ತದೆ. ಅಕ್ಕಪಕ್ಕ ಎರಡು ಚಪ್ಪಟೆ ಬತ್ತಿ, ಆರಿಸಲು ಚಿಕ್ಕ ಸನ್ನೆ ಇದ್ದರೆ ಅದು ಬರ್ಮಿಂಗ್‌ಹ್ಯಾಮಿನ ಹಿಂಕ್ಸ್ ರೂಪಿಸಿದ ‘ಡ್ಯೂಪ್ಲೆಕ್ಸ್’ ಬಗೆಯದು, ಅದರ ಚಿಮಣಿಗೆ ಉಬ್ಬಿದ ಹೊಟ್ಟೆ ಇರುತ್ತದೆ. ಇಂಗ್ಲೆಂಡಿನ ದೀಪಗಳಲ್ಲಿ ವಜ್ರಾಕಾರದ ಮುದ್ರೆಯಿದ್ದರೆ ಆ ವಿನ್ಯಾಸ ನೋಂದಣಿಯಾದದ್ದು 1842ರಿಂದ 1883ರ ನಡುವೆ. ‘ಆರ್‌ಡಿ ನಂ.’ ಎಂದಿದ್ದರೆ 1884ರ ಈಚೆಗೆ.

ಅಂಗಡಿಗೆ ಕೊಡಬೇಕಾದ ಅಳತೆ ಒಂದೇ: ಚಿಮಣಿಯ ಬುಡ ಕೂರುವ ಬಳೆಯ ಒಳವ್ಯಾಸ, ಮಿ.ಮೀ. ಲೆಕ್ಕದಲ್ಲಿ. ಚಿಮಣಿ ಅದಕ್ಕಿಂತ ಒಂದು ಕೂದಲು ಸಡಿಲವಿರಲಿ. ಹಿಡಿಕೆಗಳು ಬಿಗಿಯಾಗಿ ಕಚ್ಚಿದರೆ ಕಾದಾಗ ಗಾಜಿಗೆ ಹಿಗ್ಗಲು ಜಾಗವಿಲ್ಲದೆ ಸೀಳುತ್ತದೆ.

ಕುದಿಸುವುದರಿಂದ ಗಾಜು ಗಟ್ಟಿಯಾಗುವುದಿಲ್ಲ. ಸಾಮಾನ್ಯ ಗಾಜಿನ ಒಳಬಿಗಿತ ಇಳಿಯಲು 500 ಡಿಗ್ರಿಗೂ ಮೇಲಿನ ಶಾಖ ಬೇಕು, ಕುದಿವ ನೀರು 100ಕ್ಕೇ ನಿಲ್ಲುತ್ತದೆ. ಮೊದಲೇ ಬಿರುಕಿದ್ದ ಚಿಮಣಿ ಪಾತ್ರೆಯಲ್ಲೇ ಒಡೆದು ಹೋಗುತ್ತದೆ, ಅಷ್ಟೇ ಲಾಭ.

ಸೀಮೆಎಣ್ಣೆ ಸಿಗುವುದೇ ಕಷ್ಟ. ಹರಳೆಣ್ಣೆ, ಕೊಬ್ಬರಿ ಎಣ್ಣೆ, ಡೀಸೆಲ್, ಸ್ವಲ್ಪ ಪೆಟ್ರೋಲ್, ಯಾವುದು ಆಗುತ್ತದೆ?
— ಓದುಗರು, ತಿಪಟೂರು

ನಾಲ್ಕೂ ಆಗುವುದಿಲ್ಲ. ಹರಳೆಣ್ಣೆ, ಕೊಬ್ಬರಿ ಎಣ್ಣೆ ಹಣತೆಗೆ ಸರಿ, ಅಲ್ಲಿ ಉರಿ ಎಣ್ಣೆಯ ಪಕ್ಕದಲ್ಲೇ ಇರುತ್ತದೆ. ಕಂದೀಲಿನ ಬತ್ತಿ ಎಣ್ಣೆಯನ್ನು ಗೇಣೆತ್ತರ ಏರಿಸಬೇಕು, ಮಂದ ಎಣ್ಣೆ ಅಷ್ಟು ಏರದು. ಡೀಸೆಲ್ ಹೊಗೆ ಕಾರಿ ಬತ್ತಿಯನ್ನು ಕರಕು ಮಾಡುತ್ತದೆ. ಪೆಟ್ರೋಲನ್ನು ಒಂದು ಚಮಚವೂ ಬೆರೆಸಬಾರದು. ಸೀಮೆಎಣ್ಣೆಯ ಆವಿ ಹೊತ್ತಿಕೊಳ್ಳಲು ಎಣ್ಣೆ ಕನಿಷ್ಠ 35 ಡಿಗ್ರಿ ಕಾದಿರಬೇಕೆಂದು ನಮ್ಮ ದೇಶದ ಮಾನಕವಿದೆ, ಪೆಟ್ರೋಲಿನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತುತ್ತದೆ. ಅಮೆರಿಕದ ಕೋಲ್ಮನ್ ದೀಪಗಳಲ್ಲಿ ಪೆಟ್ರೋಲಿನಂಥ ಹಗುರ ಇಂಧನಕ್ಕೆಂದೇ ಮಾಡಿದವು ಹಲವಿವೆ, ಅದನ್ನು ಕಂಡು ಎಲ್ಲ ಪಂಪ್ ದೀಪಗಳೂ ಹಾಗೆಂದು ಎಣಿಸಬೇಡಿ.

ಬಣ್ಣವಿಲ್ಲದ ಬಿಳಿ ಸೀಮೆಎಣ್ಣೆಯೇ ಉತ್ತಮ. ‘ಲ್ಯಾಂಪ್ ಆಯಿಲ್’ ಹೆಸರಿನ ಪ್ಯಾರಾಫಿನ್ ಎಣ್ಣೆ ಚಪ್ಪಟೆ ಬತ್ತಿಗೆ ನಡೆಯುತ್ತದೆ, ದುಂಡು ಬತ್ತಿಗೂ ಪಂಪ್ ದೀಪಕ್ಕೂ ಬೇಡ. ಔಷಧದ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಇದಲ್ಲ.

ಹಿತ್ತಾಳೆ ದೀಪವನ್ನು ಹುಣಸೆಹಣ್ಣಿನ ರಸದಲ್ಲಿ ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ಅಲ್ಲಲ್ಲಿ ತಾಮ್ರದ ಹಾಗೆ ಕೆಂಪಗಾಗಿದೆ. ಏನು ಮಾಡಲಿ?
— ಓದುಗರು, ಶಿವಮೊಗ್ಗ

ಹುಳಿ ಹೆಚ್ಚು ಹೊತ್ತು ನಿಂತರೆ ಮೇಲ್ಮೈಯ ಸತು ಕರಗಿ ತಾಮ್ರ ಉಳಿಯುತ್ತದೆ. ತೆಳ್ಳಗಿದ್ದರೆ ನಯವಾದ ಪಾಲಿಶ್ ಹಾಕಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ. ಪಾಲಿಶಿನಲ್ಲಿ ಅಮೋನಿಯಾ ಇಲ್ಲವೆಂದು ಡಬ್ಬಿಯ ಮೇಲೆ ಓದಿಕೊಳ್ಳಿ, ಕಾರಣ ಮೊದಲ ಉತ್ತರದಲ್ಲಿದೆ. ಇನ್ನು ಮುಂದೆ ಹುಣಸೆಹಣ್ಣು ಎರಡು ಮೂರು ನಿಮಿಷ ಉಜ್ಜಿ ತೊಳೆಯುವುದಕ್ಕಷ್ಟೇ ಇರಲಿ. ನಿಕ್ಕಲ್ ಲೇಪವಿರುವ ದೀಪಕ್ಕೆ ಅದೂ ಬೇಡ, ಸೋಪು ನೀರು ಸಾಕು. ಮೊದಲು ಕಾಣದ ಮೂಲೆಯೊಂದರಲ್ಲಿ ಪರೀಕ್ಷಿಸಿ.

ನ್ಯೂಜೆರ್ಸಿಯಲ್ಲಿದ್ದೇವೆ. ಊರಿನಿಂದ ತಂದ ಅಜ್ಜಿಯ ಚಿಮಣಿ ದೀಪಕ್ಕೆ ಬಲ್ಬ್ ಹಾಕಿಸುವ ಆಸೆ. ಬುಡಕ್ಕೆ ತೂತು ಕೊರೆದು ವೈರ್ ಎಳೆಯಬೇಕು ಎನ್ನುತ್ತಾರೆ.
— ಓದುಗರು, ಅಮೆರಿಕ

ಕೊರೆಸಬೇಡಿ. ಬರ್ನರನ್ನು ತಿರುಗಿಸಿ ಬಿಚ್ಚಿ, ಅದೇ ತಿರುಪಿಗೆ ಕೂರುವ ಬಲ್ಬ್ ಹೋಲ್ಡರ್ ನಿಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ವೈರ್ ಅದರ ಪಕ್ಕದಿಂದಲೇ ಹೊರಗೆ ಬರುತ್ತದೆ. ಕೊಳ್ಳುವ ಮುನ್ನ ಬುಡದ ಕಂಠದ ಒಳವ್ಯಾಸ ಅಳೆಯಿರಿ. ಬಿಸಿಯಾಗದ ಎಲ್‌ಇಡಿ ಬಲ್ಬನ್ನೇ ಹಾಕಿ. ಬುಡದೊಳಗಿನ ಎಣ್ಣೆಯನ್ನು ಪೂರ್ತಿ ತೆಗೆದು ತೊಳೆದು ಒಣಗಿಸಿಯೇ ವೈರ್ ಜೋಡಿಸಿ. ಬಿಚ್ಚಿದ ಬರ್ನರನ್ನು ಕಾಗದದಲ್ಲಿ ಸುತ್ತಿ ದೀಪದ ಜೊತೆಯಲ್ಲೇ ಇಟ್ಟುಕೊಳ್ಳಿ.